ಸಕ್ಕರೆ ಕಾಯಿಲೆಯ ಕಣ್ಣಿಗೆ ಯಾವ ಇಂಜೆಕ್ಷನ್, ಯಾವಾಗ ಲೇಸರ್? ಘಟ್ಟ ದಾಟಿ ಆಸ್ಪತ್ರೆಗೆ ಹೋಗುವವರಿಗೆ ಒಂದು ಹೋಲಿಕೆ

ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಕಣ್ಣು ತೋರಿಸಿಕೊಂಡು ಬಂದವರ ಚೀಟಿಯಲ್ಲಿ ಈಗ ಒಂದಲ್ಲ, ಕಣ್ಣೊಳಗೆ ಕೊಡುವ ಮೂರ್ನಾಲ್ಕು ಇಂಜೆಕ್ಷನ್‌ಗಳ ಹೆಸರು ಇರುತ್ತವೆ. ಅವಾಸ್ಟಿನ್, ರಾಜುಮ್ಯಾಬ್, ಐಲಿಯಾ, ಓಜುರ್ಡೆಕ್ಸ್. ಪಕ್ಕದಲ್ಲಿ ಒಂದೊಂದರ ದರ. 'ಮನೆಯಲ್ಲಿ ಮಾತಾಡಿಕೊಂಡು ಹೇಳಿ' ಎಂದು ಕಳಿಸಿರುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರದಲ್ಲೋ ಶಿರಸಿಯಲ್ಲೋ ಮನೆಯಲ್ಲಿ ಕೂತು ಮಾತಾಡುವವರ ಕೈಗೆ ಸಿಗುವ ಆಧಾರ ಆ ದರ ಮಾತ್ರ. ದುಬಾರಿಯದ್ದೇ ಒಳ್ಳೆಯದಿರಬೇಕು ಎಂದು ಸೊಸೈಟಿಯಲ್ಲಿ ಸಾಲ ಎತ್ತುವವರಿದ್ದಾರೆ. ಒಟ್ಟು ಮೊತ್ತ ಕೇಳಿ ಗಾಬರಿಯಾಗಿ ಏನೂ ಮಾಡಿಸದೆ ಕೂತವರೂ ಇದ್ದಾರೆ.

ದರಕ್ಕಿಂತ ಮೊದಲು ನೋಡಬೇಕಾದ ಸಂಖ್ಯೆ ಇನ್ನೊಂದಿದೆ: ವರ್ಷಕ್ಕೆ ಎಷ್ಟು ಸಲ ಹೋಗಿ ಬರಲು ನಿಮ್ಮಿಂದ ಸಾಧ್ಯ? ಈ ಔಷಧಗಳ ಬಗ್ಗೆ ನಡೆದ ದೊಡ್ಡ ಪ್ರಯೋಗಗಳಲ್ಲಿ ರೋಗಿಗಳು ಮೊದಲ ವರ್ಷ ಹೆಚ್ಚಾಗಿ ನಾಲ್ಕು ವಾರಕ್ಕೊಮ್ಮೆ ಬಂದಿದ್ದಾರೆ. ಅಲ್ಲಿ ಬಂದ ಫಲಿತಾಂಶ ಅಷ್ಟೇ ನಿಯಮಿತವಾಗಿ ಹೋಗಬಲ್ಲವರಿಗೆ ಅನ್ವಯಿಸುತ್ತದೆ. ಮೂರು ಇಂಜೆಕ್ಷನ್ ಮಾಡಿಸಿ ನಡುವೆ ಬಿಟ್ಟ ದುಬಾರಿ ಔಷಧಕ್ಕಿಂತ ಪೂರ್ತಿ ಮಾಡಿಸಿದ ಅಗ್ಗದ ಔಷಧ ಎಷ್ಟೋ ಮೇಲು.

ಆರಿಸುವ ಮೊದಲು ಕೈಯಲ್ಲಿರಬೇಕಾದ ಮಾಹಿತಿ

ಮೊದಲನೆಯದು, ತೊಂದರೆ ಯಾವುದು ಎಂಬುದು. ಸಕ್ಕರೆ ಕಾಯಿಲೆ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾವನ್ನು ಎರಡು ರೀತಿಯಲ್ಲಿ ಕೆಡಿಸುತ್ತದೆ. ಒಂದು, ಸಣ್ಣ ರಕ್ತನಾಳಗಳು ಹಳೆಯ ಪೈಪಿನಂತೆ ಜಿನುಗಿ, ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದಲ್ಲಿ ನೀರು ತುಂಬಿ ಊತ ಬರುವುದು. ಓದುವಾಗ ಅಕ್ಷರ ಮಸುಕಾಗುವುದು, ಮುಖದ ಗುರುತು ಸಿಗದಿರುವುದು ಇದರಿಂದ. ಇನ್ನೊಂದು, ಆಮ್ಲಜನಕ ಸಾಲದೆ ರೆಟಿನಾದ ಮೇಲೆ ಹೊಸ, ದುರ್ಬಲ ನಾಳಗಳು ಬೆಳೆಯುವುದು. ಇವು ಒಡೆದರೆ ಕಣ್ಣೊಳಗೆ ರಕ್ತ ತುಂಬುತ್ತದೆ, ಪೊರೆಗಟ್ಟಿ ಎಳೆದರೆ ರೆಟಿನಾ ಕಿತ್ತು ಬರುತ್ತದೆ. ಮೊದಲನೆಯದಕ್ಕೆ ಇಂಜೆಕ್ಷನ್ ಮುಖ್ಯ, ಎರಡನೆಯದಕ್ಕೆ ಲೇಸರ್ ಇಂದಿಗೂ ಗಟ್ಟಿ ಆಯ್ಕೆ. ಎರಡೂ ಒಟ್ಟಿಗಿರುವವರೂ ಬಹಳ. ನಿಮ್ಮದು ಯಾವುದು ಎಂದು ಡಾಕ್ಟರರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಇದು ಗೊತ್ತಿಲ್ಲದೆ ಔಷಧದ ಹೆಸರು ಹೋಲಿಸುವುದು ವ್ಯರ್ಥ.

ಎರಡನೆಯದು, ಈಗಿನ ದೃಷ್ಟಿ: ಚಾರ್ಟಿನಲ್ಲಿ 6/9 ಓದುತ್ತೀರೋ, 6/12 ರೋ, 6/18 ಅಥವಾ ಅದಕ್ಕೂ ಕಡಿಮೆಯೋ. ಗೆರೆಯ ಬಲಗಡೆಯ ಸಂಖ್ಯೆ ದೊಡ್ಡದಾದಷ್ಟೂ ದೃಷ್ಟಿ ಕಡಿಮೆ. ಔಷಧಗಳ ನಡುವಿನ ವ್ಯತ್ಯಾಸ ಎದ್ದು ಕಾಣುವುದು ಈ ಗೆರೆಯಲ್ಲೇ.

ಮೂರನೆಯದು ರೆಟಿನಾದ ಪದರಗಳನ್ನು ಬೆಳಕಿನಿಂದ ಅಳೆಯುವ ಒಸಿಟಿ ಸ್ಕ್ಯಾನಿನಲ್ಲಿ ಬರುವ ಮಧ್ಯಭಾಗದ ದಪ್ಪ, ಮೈಕ್ರಾನ್ ಲೆಕ್ಕದಲ್ಲಿ. ಇಲ್ಲಿ ಬಹಳ ಮಂದಿ ಮೋಸ ಹೋಗುವ ಒಂದು ಸಂಗತಿ ಇದೆ. ಎಲ್ಲ ಯಂತ್ರಗಳೂ ಒಂದೇ ಅಳತೆ ಕೊಡುವುದಿಲ್ಲ. ಪ್ರಯೋಗಗಳಲ್ಲಿ ಊತ ಎಂದು ಪರಿಗಣಿಸಲು ಸಿರಸ್ ಯಂತ್ರದಲ್ಲಿ ಹೆಂಗಸರಿಗೆ 290, ಗಂಡಸರಿಗೆ 305 ಮೈಕ್ರಾನ್ ಇಟ್ಟುಕೊಂಡರೆ, ಸ್ಪೆಕ್ಟ್ರಾಲಿಸ್ ಯಂತ್ರದಲ್ಲಿ ಅದೇ ಕಣ್ಣಿಗೆ 305 ಮತ್ತು 320 ಇಟ್ಟುಕೊಳ್ಳುತ್ತಾರೆ. ಒಂದು ತಿಂಗಳು ಹುಬ್ಬಳ್ಳಿಯಲ್ಲಿ, ಇನ್ನೊಂದು ತಿಂಗಳು ಗೋವಾದಲ್ಲಿ ಸ್ಕ್ಯಾನ್ ಮಾಡಿಸಿ 'ಹದಿನೈದು ಮೈಕ್ರಾನ್ ಜಾಸ್ತಿ ಆಯಿತು, ಔಷಧ ಹಿಡಿಯಲಿಲ್ಲ' ಎಂದು ಔಷಧ ಬದಲಾಯಿಸಿದರೆ ಅದು ಯಂತ್ರದ ವ್ಯತ್ಯಾಸಕ್ಕೆ ಕೊಟ್ಟ ದುಡ್ಡು. ಸಾಧ್ಯವಾದಷ್ಟು ಒಂದೇ ಕಡೆ, ಒಂದೇ ಯಂತ್ರದಲ್ಲಿ ಮಾಡಿಸಿ. ವರದಿಯ ಪ್ರತಿ ಕೇಳಿ ಪಡೆದುಕೊಳ್ಳಿ.

ನಾಲ್ಕನೆಯದು ಕಣ್ಣಿನ ಮತ್ತು ಮೈಯ ಉಳಿದ ಪರಿಸ್ಥಿತಿ: ಪೊರೆ (ಕ್ಯಾಟರಾಕ್ಟ್) ಆಪರೇಷನ್ ಆಗಿದೆಯೋ ಇಲ್ಲವೋ, ಕಣ್ಣಿನ ಒತ್ತಡದ ಕಾಯಿಲೆಯಾದ ಗ್ಲುಕೋಮಾ ಇದೆಯೋ, ಕಳೆದ ಕೆಲವು ತಿಂಗಳಲ್ಲಿ ಹೃದಯಾಘಾತ ಅಥವಾ ಲಕ್ವ ಹೊಡೆದಿದೆಯೋ, ಗರ್ಭಿಣಿಯೋ. ಕೊನೆಯದಾಗಿ ದುಡ್ಡು. ಅದನ್ನು ಒಂದು ಇಂಜೆಕ್ಷನ್‌ನ ದರದಲ್ಲಿ ಅಳೆಯಬೇಡಿ, ಮೊದಲ ವರ್ಷದ ಪೂರ್ತಿ ಖರ್ಚಿನಲ್ಲಿ ಅಳೆಯಿರಿ. ಔಷಧ, ಥಿಯೇಟರ್ ಚಾರ್ಜು, ಪ್ರತಿ ಸಲದ ಒಸಿಟಿ, ಬಸ್ಸು ಅಥವಾ ಬಾಡಿಗೆ ಕಾರು, ಜೊತೆಗೆ ಬರುವವರ ಒಂದು ದಿನದ ಕೂಲಿ. ಕಾರವಾರದಿಂದ ಹುಬ್ಬಳ್ಳಿ ಸುಮಾರು 165 ಕಿಲೋಮೀಟರ್. ಹೋಗಿ ಬರುವುದು 330. ಒಂಬತ್ತು ಸಲ ಹೋದರೆ ಮೂರು ಸಾವಿರ ಕಿಲೋಮೀಟರಿನ ಹತ್ತಿರ. ಶಿರಸಿಯವರಿಗೆ ದಾರಿ ಸುಮಾರು ನೂರು ಕಿಲೋಮೀಟರ್, ಭಟ್ಕಳದವರಿಗೆ ಮಣಿಪಾಲ ಸುಮಾರು 90. ಈ ದೂರವನ್ನು ಲೆಕ್ಕಕ್ಕೆ ಸೇರಿಸಿದಾಗ ಅಗ್ಗದ ಔಷಧ ಅಷ್ಟು ಅಗ್ಗವಾಗಿ ಉಳಿಯುವುದಿಲ್ಲ, ದುಬಾರಿಯದ್ದು ಅಷ್ಟು ದುಬಾರಿಯಾಗಿಯೂ ಕಾಣುವುದಿಲ್ಲ.

ಏನೂ ಮಾಡದೆ ನೋಡುವುದೂ ಒಂದು ಆಯ್ಕೆ

ಚೀಟಿಯಲ್ಲಿ ಬರೆಯದ ಆಯ್ಕೆ ಇದು. ಸ್ಕ್ಯಾನಿನಲ್ಲಿ ಊತ ಕಂಡಿದೆ, ಆದರೆ 6/6 ಅಥವಾ 6/7.5 ಸಾಲನ್ನು ಸರಾಗವಾಗಿ ಓದುತ್ತೀರಿ ಎಂದಾದರೆ ಅವಸರವಿಲ್ಲ. ಅಮೆರಿಕದ ಡಿಆರ್‌ಸಿಆರ್ ಸಂಶೋಧನಾ ಜಾಲ 702 ಜನರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥವರನ್ನು ಮೂರು ಗುಂಪು ಮಾಡಿದ್ದರು: ಮೊದಲೇ ಇಂಜೆಕ್ಷನ್, ಮೊದಲು ಲೇಸರ್, ಸುಮ್ಮನೆ ಗಮನಿಸುವುದು. ದೃಷ್ಟಿ ಕುಸಿದರೆ ಕೊನೆಯ ಎರಡು ಗುಂಪಿಗೂ ಇಂಜೆಕ್ಷನ್ ಶುರು. ಎರಡು ವರ್ಷದ ಬಳಿಕ ಒಂದು ಸಾಲಿನಷ್ಟು ದೃಷ್ಟಿ ಕಳೆದುಕೊಂಡವರು ಕ್ರಮವಾಗಿ ಶೇ. 16, ಶೇ. 17, ಶೇ. 19. ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಗಮನಿಸುವ ಗುಂಪಿನಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಎರಡು ವರ್ಷ ಇಂಜೆಕ್ಷನ್ನೇ ಬೇಕಾಗಲಿಲ್ಲ.

ಇದರ ಷರತ್ತು ಒಂದೇ. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ದೃಷ್ಟಿ ಮತ್ತು ಒಸಿಟಿ ಆಗಲೇಬೇಕು. 'ಈಗ ಬೇಡ ಅಂದರು' ಎಂದು ಎರಡು ಚೌತಿ ಕಳೆದ ಮೇಲೆ ಹೋದರೆ ಆ ಪ್ರಯೋಗದ ಭರವಸೆ ನಿಮಗಿಲ್ಲ. ಈ ಹೊತ್ತಿನಲ್ಲಿ ಬಿಪಿ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಮೂತ್ರಪಿಂಡದ ಪರೀಕ್ಷೆ ಸರಿಪಡಿಸಿಕೊಳ್ಳಿ. ಸಕ್ಕರೆಗೆ ಪಯೊಗ್ಲಿಟಜೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆಯ ಡಾಕ್ಟರಿಗೆ ಕಣ್ಣಿನ ಊತದ ವಿಷಯ ತಿಳಿಸಿ. ಅದು ಮೈಯಲ್ಲಿ ನೀರು ನಿಲ್ಲಿಸುವ ಮಾತ್ರೆ, ಮ್ಯಾಕ್ಯುಲಾದ ಊತ ಹೆಚ್ಚಿಸಬಹುದು. ಹಾಗೆಂದು ತಾವಾಗಿಯೇ ನಿಲ್ಲಿಸಬೇಡಿ. ಕೊಲೆಸ್ಟ್ರಾಲಿನ ಕಡೆಯ ಫೆನೊಫೈಬ್ರೇಟ್ ಮಾತ್ರೆ ರೆಟಿನಾದ ಹಾನಿ ಮುಂದುವರಿಯುವುದನ್ನು ನಿಧಾನಿಸುತ್ತದೆ ಎಂದು ಸ್ಕಾಟ್ಲೆಂಡಿನ 2024ರ ಪ್ರಯೋಗವೂ ತೋರಿಸಿದೆ. ಮೂತ್ರಪಿಂಡ ಸರಿ ಇದ್ದರೆ ಕೇಳಿ ನೋಡಬಹುದಾದ ಅಗ್ಗದ ಮಾತ್ರೆ.

ಅವಾಸ್ಟಿನ್, ಅಂದರೆ ಬೆವಾಸಿಝುಮ್ಯಾಬ್

ಇದು ಹುಟ್ಟಿದ್ದು ಕ್ಯಾನ್ಸರ್ ಔಷಧವಾಗಿ. 2004ರಲ್ಲಿ ಅಮೆರಿಕದಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಮಂಜೂರಾಯಿತು. ಗೆಡ್ಡೆಗೆ ರಕ್ತ ಸರಬರಾಜು ಮಾಡುವ ಹೊಸ ನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ಇದು ತಡೆಯುತ್ತದೆ. ಸಕ್ಕರೆ ಕಾಯಿಲೆಯ ಕಣ್ಣಲ್ಲಿ ನಾಳ ಜಿನುಗುವುದಕ್ಕೂ ಹೊಸ ನಾಳ ಬೆಳೆಯುವುದಕ್ಕೂ ಅದೇ ಪ್ರೋಟೀನು ಕಾರಣ. ಹಾಗಾಗಿ ಕಣ್ಣಿನವರು ಅದನ್ನು ಎರವಲು ತಂದರು. 'ಅಪ್ಪನಿಗೆ ಕ್ಯಾನ್ಸರ್ ಔಷಧ ಬರೆದಿದ್ದಾರೆ' ಎಂದು ಗಾಬರಿ ಬೀಳುವ ಅಗತ್ಯವಿಲ್ಲ. ಕಣ್ಣಿಗೆ ಹೋಗುವುದು 1.25 ಮಿಲಿಗ್ರಾಂ, 0.05 ಮಿಲಿಲೀಟರಿನಲ್ಲಿ. ಕ್ಯಾನ್ಸರಿಗೆ ರಕ್ತನಾಳದಲ್ಲಿ ಕೊಡುವುದು ಅದರ ನೂರಾರು ಪಟ್ಟು. ಕಣ್ಣಿಗೆ ಎಂದು ಲೇಬಲ್ ಮೇಲೆ ಬರೆದಿಲ್ಲ, ಆದರೂ ವಿಶ್ವ ಆರೋಗ್ಯ ಸಂಸ್ಥೆ 2013ರಿಂದ ಇದನ್ನು ಕಣ್ಣಿನ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇಟ್ಟಿದೆ.

ಅಗ್ಗವಾಗಲು ಕಾರಣ ಸರಳ. 4 ಮಿಲಿಲೀಟರಿನ ಒಂದು ಬಾಟಲಿಯಲ್ಲಿ 100 ಮಿಲಿಗ್ರಾಂ ಔಷಧವಿದೆ, ಅದನ್ನು ಹಲವು ರೋಗಿಗಳಿಗೆ ಹಂಚುತ್ತಾರೆ. ಇದರ ದೊಡ್ಡ ಅಪಾಯ ಇರುವುದೂ ಆ ಹಂಚಿಕೆಯಲ್ಲೇ. ಬಾಟಲಿಯನ್ನು ಪದೇ ಪದೇ ಚುಚ್ಚಿ ದಿನಗಟ್ಟಲೆ ಬಳಸಿದರೆ ಸೋಂಕು ಒಳಹೋಗಲು ದಾರಿ. ಅಂಥ ಬಾಟಲಿಯಿಂದ ಒಬ್ಬರಿಗಲ್ಲ, ಅವತ್ತು ಬಂದ ಎಲ್ಲರಿಗೂ ತಗಲುತ್ತದೆ. 2016ರ ಜನವರಿಯಲ್ಲಿ ಗುಜರಾತಿನಲ್ಲಿ ಇಂಜೆಕ್ಷನ್ ಪಡೆದ ಹಲವರ ಕಣ್ಣು ಒಟ್ಟಿಗೆ ಉರಿಯೂತಕ್ಕೆ ಒಳಗಾದಾಗ ಕೇಂದ್ರದ ಔಷಧ ನಿಯಂತ್ರಕರು ಕಣ್ಣಿಗೆ ಇದನ್ನು ಬಳಸದಂತೆ ಎಚ್ಚರಿಕೆ ಹೊರಡಿಸಿದ್ದರು. ಕೆಲವೇ ತಿಂಗಳಲ್ಲಿ ಅದು ತೆರವಾಯಿತು. ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ: 'ಡೋಸ್ ಹೇಗೆ ತುಂಬುತ್ತೀರಿ? ಬಾಟಲಿ ಇವತ್ತೇ ಒಡೆದದ್ದೋ?' ಶುದ್ಧ ಕೊಠಡಿಯಲ್ಲಿ ಒಂದೊಂದು ಸಿರಿಂಜಿಗೆ ಮೊದಲೇ ತುಂಬಿಟ್ಟದ್ದು, ಅಥವಾ ಅದೇ ದಿನ ಒಡೆದು ಅದೇ ದಿನ ಮುಗಿಸಿದ್ದು ಎಂಬ ಉತ್ತರ ಬಂದರೆ ನೆಮ್ಮದಿ. ಮುಜುಗರ ಪಡದೆ ಕೇಳಿ. ಚೆನ್ನಾಗಿ ಕೆಲಸ ಮಾಡುವವರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ.

ಹೊರಗಿನ ಮೆಡಿಕಲ್‌ನಿಂದ ನೀವೇ ತರಬೇಕೆಂದರೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಥರ್ಮೋಕೋಲ್ ಡಬ್ಬಿ, ಜೆಲ್ ಪ್ಯಾಕು, ನಡುವೆ ಬಟ್ಟೆ ಅಥವಾ ರಟ್ಟು. ಐಸಿಗೆ ನೇರ ತಾಗಿ ಹೆಪ್ಪುಗಟ್ಟಿದರೆ ಔಷಧ ಹಾಳು. ಹಿಂದಿನ ದಿನವೇ ತಂದು ಮನೆ ಫ್ರಿಜ್ಜಿನಲ್ಲಿಡುವುದು ಮಳೆಗಾಲದಲ್ಲಿ ಬೇಡ. ಒಂದು ರಾತ್ರಿ ಕರೆಂಟು ಹೋದರೆ ಮುಗಿಯಿತು.

ರಾನಿಬಿಝುಮ್ಯಾಬ್

ಅದೇ ವಿಇಜಿಎಫ್ ತಡೆಯುವ, ಕಣ್ಣಿಗೆಂದೇ ಮಾಡಿದ ಸಣ್ಣ ಅಣು. ಅಮೆರಿಕದಲ್ಲಿ 2006ರಲ್ಲಿ ಮಂಜೂರಾಯಿತು, ಇಲ್ಲಿ ಅಕ್ಸೆಂಟ್ರಿಕ್ಸ್ ಹೆಸರಲ್ಲಿ ಸಿಗುತ್ತದೆ. 2015ರಲ್ಲಿ ನಮ್ಮ ದೇಶದ್ದೇ ಪ್ರತಿರೂಪ ರಾಜುಮ್ಯಾಬ್ ಬಂದ ಮೇಲೆ ದರ ಇಳಿಯಿತು. ಒಬ್ಬರಿಗೆ ಒಂದು ಬಾಟಲಿ, ಹಂಚಿಕೆಯ ತಲೆಬಿಸಿ ಇಲ್ಲ. ಅವಾಸ್ಟಿನ್ ತುಂಬುವ ವ್ಯವಸ್ಥೆಯ ಬಗ್ಗೆ ನಂಬಿಕೆ ಬರದಿದ್ದರೆ, ಐಲಿಯಾದಷ್ಟು ದುಡ್ಡೂ ಇಲ್ಲದಿದ್ದರೆ, ನಡುವಿನ ದಾರಿ ಇದು.

ಐಲಿಯಾ, ಅಂದರೆ ಅಫ್ಲಿಬರ್ಸೆಪ್ಟ್

ಮೂರನ್ನೂ ಎದುರುಬದುರು ನಿಲ್ಲಿಸಿದ ಪ್ರಯೋಗ ಪ್ರಕಟವಾದದ್ದು 2015ರಲ್ಲಿ. ಅದೇ ಡಿಆರ್‌ಸಿಆರ್ ಜಾಲದ್ದು, 660 ಜನ. ಚೀಟಿ ಹಿಡಿದು ಕೂತವರಿಗೆ ಇದಕ್ಕಿಂತ ಉಪಯೋಗದ ಲೆಕ್ಕ ಇನ್ನೊಂದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಶುರುವಿನಲ್ಲಿ ದೃಷ್ಟಿ 6/12 ಅಥವಾ ಅದಕ್ಕಿಂತ ಚೆನ್ನಾಗಿದ್ದವರಲ್ಲಿ ಒಂದು ವರ್ಷಕ್ಕೆ ಗಳಿಸಿದ ಅಕ್ಷರಗಳು: ಅಫ್ಲಿಬರ್ಸೆಪ್ಟ್ 8.0, ಬೆವಾಸಿಝುಮ್ಯಾಬ್ 7.5, ರಾನಿಬಿಝುಮ್ಯಾಬ್ 8.3. ಐದು ಅಕ್ಷರ ಅಂದರೆ ಚಾರ್ಟಿನ ಒಂದು ಸಾಲು. ಅರ್ಧ ಅಕ್ಷರದ ವ್ಯತ್ಯಾಸಕ್ಕೆ ಹಲವು ಪಟ್ಟು ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ದೃಷ್ಟಿ 6/15 ಅಥವಾ ಅದಕ್ಕಿಂತ ಕೆಟ್ಟಿದ್ದವರಲ್ಲಿ ಚಿತ್ರ ಬೇರೆ: ಅಫ್ಲಿಬರ್ಸೆಪ್ಟ್ 18.9, ರಾನಿಬಿಝುಮ್ಯಾಬ್ 14.2, ಬೆವಾಸಿಝುಮ್ಯಾಬ್ 11.8. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಒಂದು ಸಾಲಿಗಿಂತ ಹೆಚ್ಚು. ಎರಡನೇ ವರ್ಷ ಮುಗಿಯುವ ಹೊತ್ತಿಗೆ ಅಂತರ ಕಡಿಮೆಯಾಗಿತ್ತು. ಅಫ್ಲಿಬರ್ಸೆಪ್ಟ್ ಅವಾಸ್ಟಿನ್‌ಗಿಂತ ಆಗಲೂ ಮುಂದೆ, ಆದರೆ ರಾನಿಬಿಝುಮ್ಯಾಬ್‌ಗಿಂತ ಮುಂದೆ ಎಂದು ಹೇಳುವಷ್ಟು ಅಂತರ ಉಳಿದಿರಲಿಲ್ಲ.

ಇನ್ನು ಇಂಜೆಕ್ಷನ್ ಸಂಖ್ಯೆ. ಮೊದಲ ವರ್ಷ ಮಧ್ಯಕ ಲೆಕ್ಕದಲ್ಲಿ ಅಫ್ಲಿಬರ್ಸೆಪ್ಟ್ 9, ಉಳಿದೆರಡೂ 10. ಎರಡನೇ ವರ್ಷ 5 ಮತ್ತು 6. 'ಐಲಿಯಾ ಹಾಕಿಸಿದರೆ ಓಡಾಟ ಅರ್ಧ' ಎಂಬ ಮಾತು ಓಡಾಡುತ್ತದಲ್ಲ, ಕನಿಷ್ಠ ಮೊದಲ ವರ್ಷಕ್ಕೆ ಅದು ಸುಳ್ಳು. ಮೊದಲ ಐದು ತಿಂಗಳು ತಿಂಗಳಿಗೊಂದು, ಆಮೇಲೆ ಎಂಟು ವಾರಕ್ಕೊಂದು ಎಂಬುದೇ ಅದರ ಲೇಬಲ್‌ನ ಕ್ರಮ.

ದೃಷ್ಟಿ ಕೆಟ್ಟಿದೆ, ಐಲಿಯಾಕ್ಕೆ ದುಡ್ಡಿಲ್ಲ ಎನ್ನುವವರಿಗೆ 2022ರ ಪ್ರಯೋಗ ಒಳ್ಳೆಯ ಸುದ್ದಿ ಕೊಟ್ಟಿದೆ. 6/15 ಅಥವಾ ಅದಕ್ಕಿಂತ ಕಡಿಮೆ ಇದ್ದ 312 ಕಣ್ಣುಗಳಲ್ಲಿ ಅರ್ಧಕ್ಕೆ ಮೊದಲಿನಿಂದಲೂ ಅಫ್ಲಿಬರ್ಸೆಪ್ಟ್ ಕೊಟ್ಟರು. ಉಳಿದರ್ಧಕ್ಕೆ ಅವಾಸ್ಟಿನ್ ಶುರುಮಾಡಿ, 12 ವಾರದ ಬಳಿಕ ಸಾಕಷ್ಟು ಸುಧಾರಿಸದವರನ್ನು ಮಾತ್ರ ಅಫ್ಲಿಬರ್ಸೆಪ್ಟ್‌ಗೆ ಬದಲಾಯಿಸಿದರು. ಎರಡು ವರ್ಷಕ್ಕೆ ಗಳಿಕೆ 15 ಅಕ್ಷರ ಮತ್ತು 14 ಅಕ್ಷರ, ಅಂದರೆ ಹೆಚ್ಚುಕಡಿಮೆ ಒಂದೇ. ಆದರೆ ಅವಾಸ್ಟಿನ್ ಗುಂಪಿನ ಶೇ. 70ರಷ್ಟು ಕಣ್ಣುಗಳು ಎರಡು ವರ್ಷದೊಳಗೆ ಬದಲಾಗಲೇಬೇಕಾಯಿತು. ಹಾಗಾಗಿ ಅಗ್ಗದ್ದರಿಂದ ಶುರುಮಾಡುವವರು ಬದಲಾವಣೆಯ ದುಡ್ಡನ್ನು ಬದಿಗೆ ಎತ್ತಿಟ್ಟುಕೊಂಡೇ ಶುರುಮಾಡಬೇಕು. ಮೂರು ಡೋಸಿನ ಬಳಿಕ ಸ್ಕ್ಯಾನ್ ನೋಡದೆ ಆರೇಳು ಅವಾಸ್ಟಿನ್ ಹಾಕಿಸುತ್ತಾ ಹೋಗುವುದಕ್ಕೆ ಈ ಪ್ರಯೋಗದ ಬೆಂಬಲವಿಲ್ಲ.

ಇತ್ತೀಚಿನ ಫಾರಿಸಿಮ್ಯಾಬ್, ಅಂದರೆ ವಬಿಸ್ಮೊ, ಇದರ ಮುಂದಿನ ಹೆಜ್ಜೆ. 2022ರಲ್ಲಿ ಪ್ರಕಟವಾದ ಒಂದು ಜೋಡಿ ಪ್ರಯೋಗಗಳಲ್ಲಿ, ಡೋಸಿನ ಅಂತರ ಹಿಗ್ಗಿಸುತ್ತಾ ಹೋದ ಗುಂಪಿನವರಲ್ಲಿ ವರ್ಷದ ಕೊನೆಗೆ ಅರ್ಧಕ್ಕಿಂತ ಹೆಚ್ಚು ಜನ ಹದಿನಾರು ವಾರಕ್ಕೊಂದು ಇಂಜೆಕ್ಷನ್ನಿಗೆ ತಲುಪಿದ್ದರು. ದೂರದವರಿಗೆ ಇದು ಆಸೆ ಹುಟ್ಟಿಸುವ ಸಂಖ್ಯೆ. ದುಬಾರಿ, ಮತ್ತು ಮೊದಲ ತಿಂಗಳುಗಳ ಓಡಾಟ ಇದಕ್ಕೂ ತಪ್ಪಿದ್ದಲ್ಲ. ಬ್ರೊಲುಸಿಝುಮ್ಯಾಬ್ ಎಂಬ ಇನ್ನೊಂದರಲ್ಲಿ ರೆಟಿನಾದ ರಕ್ತನಾಳಗಳೇ ಉರಿಯೂತದಿಂದ ಮುಚ್ಚಿಹೋದ ಪ್ರಕರಣಗಳಿವೆ. ತುರ್ತಾಗಿ ಆಸ್ಪತ್ರೆ ತಲುಪಲಾಗದ ಊರಿನಲ್ಲಿರುವವರಿಗೆ ಅದು ನಮ್ಮ ಮೊದಲ ಸಲಹೆಯಲ್ಲ.

ಓಜುರ್ಡೆಕ್ಸ್: ಸ್ಟೀರಾಯ್ಡ್ ಕಡ್ಡಿ

ಡೆಕ್ಸಾಮೆಥಸೋನ್ 0.7 ಮಿಲಿಗ್ರಾಂ ಇರುವ ಸಣ್ಣ ಕಡ್ಡಿಯನ್ನು ಸ್ವಲ್ಪ ದಪ್ಪ ಸೂಜಿಯಿಂದ ಕಣ್ಣೊಳಗೆ ಬಿಡುತ್ತಾರೆ. ಅದು ಕರಗುತ್ತಾ ಮೂರು-ನಾಲ್ಕು ತಿಂಗಳು ಕೆಲಸ ಮಾಡುತ್ತದೆ. ವರ್ಷಕ್ಕೆ ಮೂರು-ನಾಲ್ಕು ಸಲ ಹಾಕಿಸಿದರೆ ಸಾಕಾಗಬಹುದು. ಈಚೆಗೆ ಹೃದಯಾಘಾತ ಅಥವಾ ಲಕ್ವ ಆದವರಿಗೆ ವಿಇಜಿಎಫ್ ತಡೆಯುವ ಔಷಧ ಕೊಡಲು ಡಾಕ್ಟರರು ಹಿಂಜರಿದಾಗಲೂ ಇದು ಕೈಗೆ ಬರುತ್ತದೆ.

ಬೆಲೆ ತೆರಬೇಕಾದದ್ದು ಬೇರೆ ಕಡೆ. ಮೂರು ವರ್ಷದ ಮುಖ್ಯ ಪ್ರಯೋಗದಲ್ಲಿ, ಪೊರೆ ಆಪರೇಷನ್ ಆಗಿರದ ಕಣ್ಣುಗಳಲ್ಲಿ ಮೂರರಲ್ಲಿ ಎರಡಕ್ಕೆ ಪೊರೆ ಬಂತು. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಕಣ್ಣುಗಳಲ್ಲಿ ಒತ್ತಡ ಮೊದಲಿದ್ದದ್ದಕ್ಕಿಂತ 10 ಅಂಕ ಅಥವಾ ಅದಕ್ಕೂ ಹೆಚ್ಚು ಏರಿತು, ಬಹುಪಾಲು ಹನಿ ಔಷಧದಲ್ಲೇ ಹತೋಟಿಗೆ ಬಂದವು. ಅಂದರೆ ಈಗಾಗಲೇ ಪೊರೆ ತೆಗೆಸಿಕೊಂಡು ಲೆನ್ಸ್ ಹಾಕಿಸಿಕೊಂಡವರಿಗೆ, ಗ್ಲುಕೋಮಾ ಇಲ್ಲದವರಿಗೆ ಇದು ಒಳ್ಳೆಯ ಹೊಂದಾಣಿಕೆ. 45 ವರ್ಷದ, ಪೊರೆ ಇಲ್ಲದ ಕಣ್ಣಿಗೆ ಮೊದಲ ಆಯ್ಕೆಯಾಗಿ ಹಾಕಿಸುವುದು ಇನ್ನೊಂದು ಆಪರೇಷನ್ನಿಗೆ ಮುಂಗಡ ಕೊಟ್ಟ ಹಾಗೆ. ಪೊರೆ ಆಪರೇಷನ್ ವೇಳೆ ಹಿಂದಿನ ಪರೆ ಹರಿದಿದ್ದರೆ ಕಡ್ಡಿ ಮುಂದಕ್ಕೆ ಜಾರಿ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಕೆಡಿಸಬಹುದು. ಹಳೆಯ ಡಿಸ್ಚಾರ್ಜ್ ಕಾರ್ಡು ಜೊತೆಗೆ ಒಯ್ಯಿರಿ.

ಹಾಕಿಸಿದ ಆರರಿಂದ ಎಂಟು ವಾರದ ನಡುವೆ ಒತ್ತಡ ಅಳೆಸಲೇಬೇಕು. ಇದಕ್ಕೆ ಹುಬ್ಬಳ್ಳಿಯ ತನಕ ಹೋಗಬೇಕಿಲ್ಲ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಶಿರಸಿಯ ಪಂಡಿತ ಆಸ್ಪತ್ರೆ ಅಥವಾ ಊರಿನ ಕಣ್ಣಿನ ಡಾಕ್ಟರರ ಬಳಿ ಆಗುತ್ತದೆಯೇ ಎಂದು ಕೇಳಿ, ಅಂಕವನ್ನು ಹುಬ್ಬಳ್ಳಿಯವರಿಗೆ ಫೋನಿನಲ್ಲಿ ತಿಳಿಸಿದರೆ ಸಾಕು.

ಲೇಸರ್: ಹಳೆಯದು, ಆದರೆ ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ್ದು

ಹೊಸ ನಾಳ ಬೆಳೆದ ಕಣ್ಣಿಗೆ ರೆಟಿನಾದ ಅಂಚಿನ ತುಂಬ ಹೊಡೆಯುವ ಲೇಸರ್ 1970ರ ದಶಕದಿಂದ ಇದೆ. ಸಾಂಪ್ರದಾಯಿಕ ಯಂತ್ರದಲ್ಲಿ 1,200ರಿಂದ 1,600 ಚುಕ್ಕೆ, ಎರಡು ಮೂರು ಸಿಟಿಂಗ್. ನಂತರ ತಪಾಸಣೆ ಮಾತ್ರ. ರೆಟಿನಾದ ಅಂಚು ಸುಡುವುದರಿಂದ ಬದಿಯ ನೋಟ ಸ್ವಲ್ಪ ಕುಗ್ಗುತ್ತದೆ, ಮಬ್ಬು ಬೆಳಕಿಗೆ ಕಣ್ಣು ಹೊಂದಿಕೊಳ್ಳುವುದು ನಿಧಾನ. ರಾತ್ರಿ ಅರಬೈಲು ಘಟ್ಟದಲ್ಲಿ ಲಾರಿ ಓಡಿಸುವವರಿಗೆ ಇದು ಸಣ್ಣ ಮಾತಲ್ಲ, ಮೊದಲೇ ಹೇಳಿ.

2015ರ ಒಂದು ಪ್ರಯೋಗ ಇದೇ ಕಾಯಿಲೆಗೆ ಲೇಸರಿನ ಬದಲು ರಾನಿಬಿಝುಮ್ಯಾಬ್ ಕೊಟ್ಟು ನೋಡಿತು. ಎರಡು ವರ್ಷಕ್ಕೆ ದೃಷ್ಟಿಯಲ್ಲಿ ಇಂಜೆಕ್ಷನ್ ಹಿಂದೆ ಬೀಳಲಿಲ್ಲ, ಬದಿಯ ನೋಟವೂ ಹೆಚ್ಚು ಉಳಿಯಿತು. ಹಾಗಾದರೆ ಇಂಜೆಕ್ಷನ್ನೇ ಮೇಲು ಅನಿಸುತ್ತದೆ. ಇಲ್ಲಿ 2019ರಲ್ಲಿ ಪ್ರಕಟವಾದ ಅಮೆರಿಕದ್ದೇ ಇನ್ನೊಂದು ಅಧ್ಯಯನ ನೋಡಿ. ಆರು ತಿಂಗಳಿಗಿಂತ ಹೆಚ್ಚು ಕಾಲ ತಪಾಸಣೆಗೆ ಬಾರದೆ ಮತ್ತೆ ಬಂದವರ ಕಣ್ಣುಗಳನ್ನು ಅವರು ಲೆಕ್ಕಹಾಕಿದರು. ಬರೀ ಇಂಜೆಕ್ಷನ್ ಪಡೆದಿದ್ದ 30 ಕಣ್ಣುಗಳಲ್ಲಿ 10ರಲ್ಲಿ ರೆಟಿನಾ ಎಳೆದು ಕಿತ್ತು ಬಂದಿತ್ತು. ಲೇಸರ್ ಆಗಿದ್ದ 46 ಕಣ್ಣುಗಳಲ್ಲಿ ಒಂದರಲ್ಲಿ ಮಾತ್ರ. ಸಣ್ಣ ಅಧ್ಯಯನ ನಿಜ, ಆದರೆ ಅಂತರ ಸಣ್ಣದಲ್ಲ. ಕಾರಣವೂ ಸ್ಪಷ್ಟ: ಇಂಜೆಕ್ಷನ್ನಿನ ಪ್ರಭಾವ ತಿಂಗಳೆರಡು ತಿಂಗಳಲ್ಲಿ ಇಳಿದು ವಿಇಜಿಎಫ್ ಮತ್ತೆ ಏರುತ್ತದೆ. ಲೇಸರ್ ಆ ಪ್ರೋಟೀನು ತಯಾರಾಗುವ ಜಾಗವನ್ನೇ ಸುಟ್ಟಿರುತ್ತದೆ.

ಆಗಸ್ಟಿನಿಂದ ಮೇ ತನಕ ಬೋಟಿನ ಮೇಲಿರುವವರು, ಅಡಿಕೆ ಕೊಯ್ಲು ಶುರುವಾದರೆ ಮನೆಬಿಟ್ಟು ಹೊರಡಲಾಗದವರು, ಕರೆದೊಯ್ಯಲು ಮಕ್ಕಳು ಬೆಂಗಳೂರಿನಿಂದ ಬರಬೇಕಾದವರು, ಇವರಿಗೆ ಹೊಸ ನಾಳ ಇದ್ದರೆ ಲೇಸರ್ ಬಿಟ್ಟು ಬರೀ ಇಂಜೆಕ್ಷನ್ ನೆಚ್ಚುವುದು ಅಪಾಯ. ಬೋಟಿನವರಿಗೆ ಜೂನ್-ಜುಲೈ ಮೀನುಗಾರಿಕೆ ನಿಷೇಧದ ಎರಡು ತಿಂಗಳು ಸಿಟಿಂಗ್‌ಗಳಿಗೆ ಅನುಕೂಲ, ಡಾಕ್ಟರರು ಅಲ್ಲಿಯ ತನಕ ಕಾಯಬಹುದು ಎಂದರೆ ಮಾತ್ರ. ಊತವೂ ಜೊತೆಗಿದ್ದರೆ ಲೇಸರ್ ಅದನ್ನು ಹೆಚ್ಚಿಸಬಹುದು. ಹಾಗಾಗಿ ಮೊದಲು ಇಂಜೆಕ್ಷನ್, ಒಂದೆರಡು ವಾರ ಬಿಟ್ಟು ಲೇಸರ್ ಎಂಬ ಕ್ರಮ ರೂಢಿ.

ಮ್ಯಾಕ್ಯುಲಾದ ಊತಕ್ಕೂ ಬೇರೆ ಬಗೆಯ ಲೇಸರ್ ಇದೆ. ನಟ್ಟನಡುವಿನಿಂದ ದೂರದಲ್ಲಿ ಜಿನುಗುವ ಚುಕ್ಕೆಗಳಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ದಪ್ಪ 400 ಮೈಕ್ರಾನಿಗಿಂತ ಕಡಿಮೆ ಇರುವಾಗ ಸುಡದೆ ಹೊಡೆಯುವ ಮೈಕ್ರೊಪಲ್ಸ್ ಲೇಸರ್ ಹಳೆಯ ಲೇಸರಿಗೆ ಸಮ ಎಂದು ಬ್ರಿಟನ್ನಿನ 2022ರ ಪ್ರಯೋಗ ತೋರಿಸಿದೆ. ಊತ ತೀರಾ ಜಾಸ್ತಿ ಇದ್ದಾಗ ಎರಡೂ ಸಾಲವು.

ಕಣ್ಣೊಳಗೆ ಆಗಲೇ ರಕ್ತ ತುಂಬಿದ್ದರೆ, ಹೊಸ ನಾಳಗಳ ಪೊರೆ ರೆಟಿನಾವನ್ನು ಎಳೆಯುತ್ತಿದ್ದರೆ ಇದ್ಯಾವುದೂ ಅಲ್ಲ, ಕಣ್ಣೊಳಗಿನ ರಕ್ತ, ಪೊರೆ ತೆಗೆಯುವ ವಿಟ್ರೆಕ್ಟಮಿ ಆಪರೇಷನ್. ಅದಕ್ಕೆ ಮುನ್ನ ಅವಾಸ್ಟಿನ್ ಕೊಟ್ಟಿದ್ದರೆ ಕೆಲವೇ ದಿನಗಳಲ್ಲಿ ಆಪರೇಷನ್ ಆಗಬೇಕು. ತಡವಾದರೆ ನಾಳಗಳು ಕುಗ್ಗಿ ಪೊರೆ ಇನ್ನೂ ಬಿಗಿಯಾಗಿ ಎಳೆಯುತ್ತದೆ. ಇಂಜೆಕ್ಷನ್ ಮಾಡಿಸಿಕೊಂಡು ಬಂದು 'ಹಬ್ಬ ಮುಗಿಸಿ ಹೋಗೋಣ' ಎನ್ನಬಾರದ ಸಂದರ್ಭ ಅದು.

ನಿಮ್ಮ ಪರಿಸ್ಥಿತಿಗೆ ಹೊಂದಿಸಿ ನೋಡಿದರೆ

ಊತ ಮಾತ್ರ, ದೃಷ್ಟಿ 6/12, ತಿಂಗಳಿಗೊಮ್ಮೆ ಹೋಗಬಲ್ಲಿರಿ: ತುಂಬುವ ವ್ಯವಸ್ಥೆ ಸರಿ ಇರುವ ಕಡೆ ಅವಾಸ್ಟಿನ್. ಅದು ಸಿಗದಿದ್ದರೆ ರಾನಿಬಿಝುಮ್ಯಾಬ್ ಪ್ರತಿರೂಪ. ಉಳಿದ ದುಡ್ಡು ಓಡಾಟಕ್ಕಿರಲಿ.

ಊತ, ದೃಷ್ಟಿ 6/18 ಅಥವಾ ಕಡಿಮೆ, ದುಡ್ಡಿದೆ: ಅಫ್ಲಿಬರ್ಸೆಪ್ಟ್. ದುಡ್ಡು ಅರೆಬರೆ: ಅವಾಸ್ಟಿನ್ ಮೂರು ಡೋಸ್, 12 ವಾರಕ್ಕೆ ಸ್ಕ್ಯಾನ್, ಬೇಕಾದರೆ ಬದಲಾವಣೆ. ಎರಡು ಐಲಿಯಾಕ್ಕಷ್ಟೇ ದುಡ್ಡಿದೆ ಎಂದು ಎರಡು ಹಾಕಿಸಿ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟ ಖರ್ಚು.

ವಯಸ್ಸಾದ ಆಯಿ, ಪೊರೆ ಆಪರೇಷನ್ ಆಗಿದೆ, ಗ್ಲುಕೋಮಾ ಇಲ್ಲ, ಯಲ್ಲಾಪುರದ ಒಳಹಳ್ಳಿಯಿಂದ ಹೊರಡಿಸುವುದೇ ಕಷ್ಟ: ಸ್ಟೀರಾಯ್ಡ್ ಕಡ್ಡಿಯ ಬಗ್ಗೆ ನೀವಾಗಿಯೇ ಕೇಳಿ. ಮಳೆಗಾಲಕ್ಕೂ ಇದು ಉಪಾಯ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಅಂಥ ಹೊತ್ತಿಗೆ ತಿಂಗಳ ಡೋಸ್ ತಪ್ಪುವುದು ಖಚಿತ. ಮೇ ಕೊನೆಗೆ ಹಾಕಿಸಿದ ಕಡ್ಡಿ ಆಗಸ್ಟ್ ದಾಟಿಸುತ್ತದೆ.

ಹೊಸ ನಾಳ ಇದೆ, ತಪ್ಪದೆ ಬರುತ್ತೇವೆ ಎಂಬ ಗ್ಯಾರಂಟಿ ಇಲ್ಲ: ಲೇಸರ್.

ಎರಡೂ ಕಣ್ಣಿಗೆ ಬೇಕಿದ್ದರೆ ಒಂದೇ ದಿನ ಮಾಡುತ್ತಾರೆಯೇ ಎಂದು ಕೇಳಿ. ಪ್ರತಿ ಕಣ್ಣಿಗೆ ಬೇರೆ ಸಲಕರಣೆ, ಬೇರೆ ಬ್ಯಾಚಿನ ಔಷಧ ಇಟ್ಟು ಹಾಗೆ ಮಾಡುವ ಪದ್ಧತಿ ಇದೆ. ಓಡಾಟ ಅರ್ಧಕ್ಕೆ ಇಳಿಯುತ್ತದೆ. ಸ್ಕ್ಯಾನ್ ಮತ್ತು ಇಂಜೆಕ್ಷನ್ ಒಂದೇ ದಿನ ಆಗುವ ಆಸ್ಪತ್ರೆ, ದರ ಸ್ವಲ್ಪ ಹೆಚ್ಚಾದರೂ, ದೂರದವರಿಗೆ ಲಾಭವೇ. ಆಯುಷ್ಮಾನ್ ಕಾರ್ಡಿನಲ್ಲಿ ನಿಮ್ಮ ಇಂಜೆಕ್ಷನ್ ಅಥವಾ ಲೇಸರ್ ಬರುತ್ತದೆಯೇ, ಸರಕಾರಿ ಆಸ್ಪತ್ರೆಯ ರೆಫರಲ್ ಬೇಕೇ ಎಂಬುದನ್ನು ಹೊರಡುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ಕೇಳಿ. ಅಲ್ಲಿ ಹೋದ ಮೇಲೆ ರೆಫರಲ್ಲಿಗಾಗಿ ಘಟ್ಟ ಇಳಿದು ವಾಪಸ್ ಬರುವುದು ಆಗಬಾರದು.

ಇಂಜೆಕ್ಷನ್ ದಿನ, ಆಮೇಲಿನ ವಾರ

ತಿಂಡಿ ತಿಂದು, ಸಕ್ಕರೆ-ಬಿಪಿ ಮಾತ್ರೆ ತೆಗೆದುಕೊಂಡೇ ಹೋಗಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುಮಾಡುವ ಮಾತ್ರೆ ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ಕಣ್ಣು ಕೆಂಪಾಗಿ ಪಿಸುರು ಬರುತ್ತಿದ್ದರೆ ಮುಚ್ಚಿಡಬೇಡಿ, ಅಂದಿನ ಇಂಜೆಕ್ಷನ್ ಮುಂದೂಡುತ್ತಾರೆ. ಮರಗಟ್ಟಿಸುವ ಹನಿ ಹಾಕಿ, ಶೇ. 5ರ ಪೊವಿಡೋನ್ ಅಯೋಡಿನ್ ಬಿಟ್ಟು ಕಾಯುತ್ತಾರೆ. ಸೋಂಕು ತಡೆಯುವುದರಲ್ಲಿ ಮುಖ್ಯ ಪಾತ್ರ ಆ ಕಂದು ಹನಿಯದ್ದು, ಉರಿದರೂ ತಾಳಿಕೊಳ್ಳಿ. ಕಪ್ಪುಗುಡ್ಡೆಯ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ದೂರದಲ್ಲಿ ಬಿಳಿಭಾಗಕ್ಕೆ ಕೂದಲೆಳೆಯಂಥ 30 ಗೇಜ್ ಸೂಜಿ. ಚುಚ್ಚುವುದು ಕೆಲವೇ ಸೆಕೆಂಡಿನ ಕೆಲಸ. ಕಣ್ಣಿಗೆ ಡ್ರಾಪ್ಸ್ ಹಾಕಿರುವುದರಿಂದ ಸ್ವತಃ ಗಾಡಿ ಓಡಿಸಿಕೊಂಡು ಬರುವ ಹಾಗಿಲ್ಲ.

ಆ ರಾತ್ರಿ ಮರಳು ಬಿದ್ದಂತೆ ಚುಚ್ಚುವುದು, ಕಣ್ಮುಂದೆ ಗುಳ್ಳೆ ತೇಲುವುದು, ಬಿಳಿಭಾಗದಲ್ಲಿ ಒಂದೆರಡು ವಾರ ಕೆಂಪು ಕಲೆ ಉಳಿಯುವುದು ಮಾಮೂಲು. ಎರಡು ಮೂರು ದಿನ ತಲೆಗೆ ಸ್ನಾನ, ಹೊಳೆ-ಸಮುದ್ರದ ಮುಳುಗು, ಅಡಿಕೆ ಸುಲಿಯುವ ಚಪ್ಪರದ ಧೂಳು ಬೇಡ.

ಕಣ್ಣೊಳಗಿನ ಸೋಂಕು ಸುಮಾರು ಎರಡು ಮೂರು ಸಾವಿರ ಇಂಜೆಕ್ಷನ್ನಿಗೆ ಒಂದು. ಬಂದರೆ ಹೆಚ್ಚಾಗಿ ಎರಡನೇ ದಿನದಿಂದ ಒಂದು ವಾರದೊಳಗೆ. ಕಡಿಮೆಯಾಗಬೇಕಿದ್ದ ನೋವು ಹೆಚ್ಚುತ್ತಿದೆ, ನಿನ್ನೆ ಕಂಡದ್ದು ಇವತ್ತು ಕಾಣುತ್ತಿಲ್ಲ, ಬೆಳಕು ನೋಡಲಾಗುತ್ತಿಲ್ಲ: ಈ ಮೂರರಲ್ಲಿ ಯಾವುದಿದ್ದರೂ ನಾಳೆಗೆ ಇಡಬೇಡಿ. ಹನಿ ಔಷಧದಿಂದ ಗುಣವಾಗುವುದಲ್ಲ, ಕಣ್ಣೊಳಗೇ ಆ್ಯಂಟಿಬಯೋಟಿಕ್ ಕೊಡಬೇಕು. ಗಂಟೆಗಳ ಲೆಕ್ಕದಲ್ಲಿ ದೃಷ್ಟಿ ಹೋಗುತ್ತದೆ. ಆದ್ದರಿಂದ ಇಂಜೆಕ್ಷನ್ ಮಾಡಿಸಿದ ದಿನವೇ ಎರಡು ನಂಬರು ಬರೆಸಿಕೊಂಡು ಬನ್ನಿ: ಆ ಆಸ್ಪತ್ರೆಯ ರಾತ್ರಿ ಪಾಳಿಯದ್ದು, ಮತ್ತು ಘಟ್ಟ ಬಂದ್ ಆದರೆ ರೈಲಿನಲ್ಲೋ ಕರಾವಳಿ ರಸ್ತೆಯಲ್ಲೋ ತಲುಪಬಹುದಾದ, ರೆಟಿನಾ ತಜ್ಞರಿರುವ ಇನ್ನೊಂದು ಆಸ್ಪತ್ರೆಯದ್ದು. ಕಾರವಾರದವರಿಗೆ ಅದು ಗೋವಾ ಕಡೆ, ಹೊನ್ನಾವರ-ಭಟ್ಕಳದವರಿಗೆ ಮಣಿಪಾಲ. ಹಾಕಿದ ಔಷಧದ ಹೆಸರು, ಬ್ಯಾಚ್ ನಂಬರು, ಯಾವ ಕಣ್ಣು ಎಂಬುದು ಇರುವ ಚೀಟಿಯ ಫೋಟೊ ಫೋನಿನಲ್ಲಿರಲಿ. ಬೇರೆ ಆಸ್ಪತ್ರೆಯವರು ಮೊದಲು ಕೇಳುವುದು ಅದನ್ನೇ.